ಅತ್ತೆ ‘ಸೊರಗಿ ಹೋದೆ’ ಅಂತಾರೆ, ಚಿಕ್ಕಮ್ಮ ‘ಇಳಿದೇ ಇಲ್ವಲ್ಲ’ ಅಂತಾರೆ. ನಾನು ಯಾರ ಮಾತು ಕೇಳಲಿ?

ಪ್ರಶ್ನೆ: ನನಗೆ 34 ವರ್ಷ. ದಾವಣಗೆರೆಯಲ್ಲಿ ಅತ್ತೆ, ಮಾವ, ಗಂಡ, ಇಬ್ಬರು ಮಕ್ಕಳ ಜೊತೆ ಇದ್ದೇನೆ. ಎತ್ತರ 158 ಸೆಂ.ಮೀ. ನಾಲ್ಕು ತಿಂಗಳ ಹಿಂದೆ 78 ಕೆ.ಜಿ. ಇದ್ದೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಹೇಗಿತ್ತು ಎಂದು ತೋರಿಸುವ ರಕ್ತಪರೀಕ್ಷೆ) 6.1 ಬಂತು. ಶುಗರ್ ಬಾರ್ಡರ್‌ನಲ್ಲಿದೆ, ತೂಕ ಇಳಿಸಿ ಎಂದು ಡಾಕ್ಟರ್ ಹೇಳಿದರು. ಅನ್ನ ಕಡಿಮೆ ಮಾಡಿದೆ, ಬೆಳಿಗ್ಗೆ ಮುಕ್ಕಾಲು ಗಂಟೆ ವಾಕ್ ಶುರು ಮಾಡಿದೆ. ಈಗ 74.5 ಕೆ.ಜಿ. ಆದರೆ ಮನೆಯಲ್ಲಿ ನೆಮ್ಮದಿ ಇಲ್ಲ. ಅತ್ತೆ ದಿನಾ ‘ಮುಖ ಬಾಡಿ ಹೋಗಿದೆ, ಉಪವಾಸ ಇದ್ದು ಏನು ಸಾಧಿಸ್ತೀಯ’ ಅಂತಾರೆ. ಬೆಳಗಿನ ಹೊತ್ತು ಕೆಲಸ ಬಿಟ್ಟು ತಿರುಗೋದು ಅವರಿಗೆ ಹಿಡಿಸಲ್ಲ. ಗಂಡ ‘ಎಷ್ಟು ದಿನ ನಡೆಯುತ್ತೋ ನೋಡೋಣ’ ಎಂದು ನಗುತ್ತಾರೆ. ಅಮ್ಮ ವಿಡಿಯೊ ಕಾಲ್‌ನಲ್ಲಿ ಕಣ್ಣೀರು ಹಾಕುತ್ತಾರೆ. ಮದುವೆ ಮನೆಯಲ್ಲಿ ಚಿಕ್ಕಮ್ಮ ಎಲ್ಲರೆದುರು ‘ಡಯೆಟ್ ಅಂತೆ, ಇಳಿದೇ ಇಲ್ವಲ್ಲೇ’ ಅಂದರು. ಸಿಟ್ಟು ಬಂದಾಗ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ಚಕ್ಕುಲಿ ಡಬ್ಬಿ ಖಾಲಿ ಮಾಡುತ್ತೇನೆ. ಮಾರನೇ ದಿನ ಪೂರ್ತಿ ಏನೂ ತಿನ್ನಲ್ಲ. ಒಬ್ಬ ಪರಿಚಯದವರು ಊಟದ ಬದಲು ಕುಡಿಯುವ ಪೌಡರ್ ತಗೊಳ್ಳಿ, ತಿಂಗಳಲ್ಲಿ ಎಲ್ಲರ ಬಾಯಿ ಮುಚ್ಚಿಸಬಹುದು ಅಂತಿದ್ದಾರೆ. ಅತ್ತೆಗೂ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಜಗಳ ಆಡದೆ ಇದನ್ನು ಮುಂದುವರಿಸೋದು ಹೇಗೆ?

ಉತ್ತರ:

ನಿಮ್ಮನ್ನು ಹೆಚ್ಚು ನೋಯಿಸುತ್ತಿರುವುದು ಮನೆಯವರ ಮಾತು. ನನಗೆ ಹೆಚ್ಚು ಚಿಂತೆ ಆಗಿದ್ದು ರಾತ್ರಿಯ ಆ ಚಕ್ಕುಲಿ ಡಬ್ಬಿ ಮತ್ತು ಮಾರನೇ ದಿನದ ಉಪವಾಸ. ಎರಡಕ್ಕೂ ನಂಟಿದೆ, ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ನೀವು ಹಿಡಿದಿರುವ ದಾರಿ ಸರಿಯಾಗಿದೆ. ಇದು ಶೋಕಿ ಅಲ್ಲ.

ನಮ್ಮ ದೇಶದವರ ಮೈಯಲ್ಲಿ, ಅದೇ ತೂಕದ ಯುರೋಪಿನವರಿಗಿಂತ ಕೊಬ್ಬಿನ ಪಾಲು ಜಾಸ್ತಿ, ಅದೂ ಹೊಟ್ಟೆಯ ಸುತ್ತ. ಅದಕ್ಕೇ ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಮಿತಿಯನ್ನು ಕೆಳಗಿಟ್ಟಿದ್ದಾರೆ. 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ನಿಮ್ಮದು 31 ಇತ್ತು, ಈಗ 30ರ ಸ್ವಲ್ಪ ಕೆಳಗೆ ಬಂದಿದೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು. ಟೇಪ್ ತಗೊಂಡು ಒಮ್ಮೆ ಅಳೆದುಕೊಳ್ಳಿ. ನಿಮ್ಮ ಯಜಮಾನರದ್ದನ್ನೂ ಅಳೆಯಿರಿ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದು ಸಕ್ಕರೆ ಕಾಯಿಲೆಗೆ ಮುಂಚಿನ ಹಂತ, 6.5 ಮುಟ್ಟಿದರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ ಈ ಮುಂಚಿನ ಹಂತದಲ್ಲಿರುವವರು 13 ಕೋಟಿಗೂ ಜಾಸ್ತಿ. ಅವರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ನಿಮಗೆ ಗೊತ್ತಾಗಿದೆ, ನೀವು ಎದ್ದು ನಡೆಯಲು ಶುರು ಮಾಡಿದ್ದೀರಿ.

‘ಇಳಿದೇ ಇಲ್ವಲ್ಲೇ’ ಎಂಬ ಮಾತಿಗೆ ನಾನು ನಿಮ್ಮ ಪರವಾಗಿ ಉತ್ತರ ಕೊಡುತ್ತೇನೆ. ನೀವು ಮೊದಲಿದ್ದ ತೂಕದಲ್ಲಿ ಶೇ 4.5ರಷ್ಟು ಇಳಿಸಿದ್ದೀರಿ. ಬಾರ್ಡರ್‌ನಲ್ಲಿರುವವರು ಶೇ 5ರಿಂದ 7ರಷ್ಟು ಇಳಿಸಿ ಅದನ್ನು ಉಳಿಸಿಕೊಂಡರೆ ಸಾಕು, ಶುಗರ್ ಬರುವ ಸಾಧ್ಯತೆ ಚೆನ್ನಾಗಿ ತಗ್ಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದು 4ರಿಂದ 5.5 ಕೆ.ಜಿ. ಅಂದರೆ ನೀವು ಆ ಹೊಸ್ತಿಲಿಗೆ ಬಂದಿದ್ದೀರಿ.

ಇನ್ನೊಂದು ವಿಷಯ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡದವರು ನಿಮ್ಮ ಹಾಗೆಯೇ ಬಾರ್ಡರ್‌ನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ವಿಶೇಷ ಬದಲಾವಣೆ ಮಾಡದ ಗುಂಪಿನಲ್ಲಿ 100ಕ್ಕೆ 55 ಜನಕ್ಕೆ ಸಕ್ಕರೆ ಕಾಯಿಲೆ ಬಂತು. ಊಟ ಸರಿಮಾಡಿಕೊಂಡು ನಡೆದಾಡಿದ ಗುಂಪಿನಲ್ಲಿ ಅದು 39ಕ್ಕೆ ಇಳಿಯಿತು. ವಿಶೇಷ ಅಂದರೆ, ಆ ಎರಡನೇ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ಮುಳ್ಳು ಅಲ್ಲಾಡದಿದ್ದರೂ ಒಳಗೆ ಕೆಲಸ ನಡೆಯುತ್ತಿತ್ತು. ಮದುವೆ ಮನೆಯಲ್ಲಿ ಕಣ್ಣಳತೆಯಲ್ಲಿ ನೋಡಿದವರಿಗೆ ಇದು ಕಾಣುವುದಿಲ್ಲ. ಅವರಿಗೆ ವಿವರಿಸುವ ಅಗತ್ಯವೂ ನಿಮಗಿಲ್ಲ.

ಈಗ ಮನೆಯವರ ವಿಷಯ. ನಾಲ್ಕು ಜನ ನಾಲ್ಕು ಮಾತು ಆಡುತ್ತಿದ್ದಾರೆ. ನೀವು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ, ‘ಮನೆಯವರೆಲ್ಲ ನನ್ನ ವಿರುದ್ಧ’ ಎಂದುಕೊಂಡಿರಬಹುದು. ನನ್ನ ಅನುಭವದಲ್ಲಿ ಹಾಗಿರುವುದಿಲ್ಲ.

ಅತ್ತೆಯಿಂದಲೇ ಶುರು ಮಾಡೋಣ, ಯಾಕಂದರೆ ಅಡುಗೆಮನೆ ಅವರ ಕೈಯಲ್ಲಿದೆ. ಅವರ ವಯಸ್ಸಿನವರು ಬೆಳೆದ ಕಾಲದಲ್ಲಿ ಮೈ ಇಳಿಯುವುದೆಂದರೆ ಒಂದೋ ಬಡತನ, ಇಲ್ಲವೇ ಕ್ಷಯ. ತುಂಬಿದ ಕೆನ್ನೆ ಎಂದರೆ ಮನೆ ಚೆನ್ನಾಗಿದೆ ಎಂದರ್ಥ. ಅದಕ್ಕಿಂತ ದೊಡ್ಡ ಇನ್ನೊಂದು ಭಯ ಇದೆ, ಅದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ಸೊಸೆ ಇಳಿದುಹೋದರೆ ನೆಂಟರು ಕೇಳುವುದು ಸೊಸೆಯನ್ನಲ್ಲ. ‘ಆ ಮನೆಯಲ್ಲಿ ಸರಿಯಾಗಿ ಊಟ ಹಾಕಲ್ವಂತೆ’ ಎನ್ನುತ್ತಾರೆ. ನಿಮ್ಮ ಅಮ್ಮ ವಿಡಿಯೊ ಕಾಲ್‌ನಲ್ಲಿ ಅಳುತ್ತಾರಲ್ಲ, ಅದು ನಿಮ್ಮ ಅತ್ತೆಯ ಕಿವಿಗೆ ಹೇಗೆ ಬೀಳುತ್ತದೆ ಯೋಚಿಸಿ. ಪಕ್ಕದ ರೂಮಿನಲ್ಲಿ ಕೂತವರಿಗೆ ಅದು ತಮ್ಮ ಮೇಲಿನ ದೂರಿನ ಹಾಗೆ ಕೇಳಿಸುತ್ತದೆ. ಸಂಜೆ ಅದೇ ‘ಮುಖ ಬಾಡಿ ಹೋಗಿದೆ’ ಆಗಿ ನಿಮಗೆ ವಾಪಸ್ ಬರುತ್ತದೆ.

ಹಾಗಾಗಿ ಮೊದಲು ಅಮ್ಮನಿಗೆ ಫೋನ್ ಮಾಡಿ. ವಿಡಿಯೊ ಬೇಡ, ಬರೀ ಧ್ವನಿ ಸಾಕು. ‘ಅಮ್ಮ, ನನಗೆ ಶುಗರ್ ಬಾರ್ಡರ್‌ನಲ್ಲಿದೆ. ಡಾಕ್ಟರ್ ಹೇಳಿ ಇಳಿಸ್ತಿದೀನಿ. ಅತ್ತೆ ಚೆನ್ನಾಗಿ ನೋಡ್ಕೊಳ್ತಿದಾರೆ. ನೀನು ಅತ್ತರೆ ಅವರಿಗೂ ಬೇಜಾರಾಗುತ್ತೆ, ನನಗೂ ಕಷ್ಟ ಆಗುತ್ತೆ’ ಎಂದು ಬಿಡಿಸಿ ಹೇಳಿ. ಅಮ್ಮಂದಿರು ಅಳುವುದು ಕಾರಣ ಗೊತ್ತಿಲ್ಲದಾಗ. ಶುಗರ್ ಎಂದ ಕೂಡಲೇ ಅವರೇ ‘ರಾತ್ರಿ ಅನ್ನ ಬಿಡು’ ಎಂದು ಬುದ್ಧಿ ಹೇಳಲು ಶುರು ಮಾಡಬಹುದು!

ಅತ್ತೆಯ ಜೊತೆ ಮಾತಾಡಲು ಊಟದ ಹೊತ್ತನ್ನು ಆರಿಸಬೇಡಿ. ಮಧ್ಯಾಹ್ನ ಕೆಲಸ ಮುಗಿದು ಇಬ್ಬರೂ ಸೊಪ್ಪು ಬಿಡಿಸುತ್ತಾ ಕೂತಾಗ ಮಾತಾಡಿ. ‘ತೂಕ’ ಎಂಬ ಮಾತು ಎತ್ತಬೇಡಿ, ‘ಶುಗರ್’ ಎನ್ನಿ. ಶುಗರ್ ಅವರಿಗೆ ಗೊತ್ತಿರುವ ಕಾಯಿಲೆ, ಅದರ ಕಷ್ಟ ಅವರೇ ಅನುಭವಿಸುತ್ತಿದ್ದಾರೆ. ‘ಅತ್ತೆ, ನನಗೂ ನಿಮ್ಮ ಹಾಗೆ ಶುಗರ್ ಬರೋ ಹಂತದಲ್ಲಿದೆಯಂತೆ. ಈಗಲೇ ನೋಡ್ಕೊಂಡ್ರೆ ಮಾತ್ರೆ ಇಲ್ಲದೆ ತಪ್ಪಿಸ್ಕೋಬಹುದಂತೆ. ನಿಮ್ಮ ಸಹಾಯ ಬೇಕು. ನೀವೇ ಹೇಳಿ, ರಾತ್ರಿ ಏನು ಮಾಡಿದರೆ ನಮ್ಮಿಬ್ಬರಿಗೂ ಆಗುತ್ತೆ?’ ಕೊನೆಯ ಪ್ರಶ್ನೆಯನ್ನು ನಿಜವಾಗಿ ಕೇಳಿ, ಉತ್ತರಕ್ಕೆ ಕಾಯಿರಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ಮಾಡಿ. ಅಡುಗೆಮನೆಯಲ್ಲಿ ಅವರ ಮಾತಿಗೆ ಬೆಲೆ ಇದೆ ಎಂದು ಗೊತ್ತಾದರೆ, ನಿಮ್ಮ ತಟ್ಟೆ ನೋಡುವ ಅವರ ಕಣ್ಣು ಬದಲಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಅತ್ತೆ ಯಾವ ಮಾತ್ರೆ ತಗೊಳ್ಳುತ್ತಾರೆ ನೋಡಿ. ಗ್ಲಿಮೆಪಿರೈಡ್ ಥರದ ಮಾತ್ರೆ ಇದ್ದರೆ, ಊಟ ದಿಢೀರ್ ಕಡಿಮೆ ಮಾಡಿದಾಗ ಶುಗರ್ ತೀರಾ ಕೆಳಗಿಳಿಯಬಹುದು. ಬೆವರು, ಕೈ ನಡುಕ, ಕಣ್ಣು ಕತ್ತಲೆ ಬರುತ್ತದೆ. ಅವರ ಊಟ ಬದಲಿಸುವ ಮೊದಲು ಅವರ ಡಾಕ್ಟರಿಗೆ ಒಂದು ಮಾತು ಹೇಳಿ.

ಯಜಮಾನರ ನಗು ಬೇರೆ ಬಗೆಯದು. ‘ಎಷ್ಟು ದಿನ ನಡೆಯುತ್ತೋ ನೋಡೋಣ’ ಎಂಬುದರಲ್ಲಿ ಕೆಟ್ಟ ಮನಸ್ಸು ಇರಲಿಕ್ಕಿಲ್ಲ, ಆದರೆ ಅದು ಚುಚ್ಚುತ್ತದೆ. ಅವರಿಗೆ ನೇರವಾಗಿ ಹೇಳಿ, ಮಕ್ಕಳು ಎದುರಿಗಿಲ್ಲದಾಗ: ‘ನೀವು ನಗೋದು ನನಗೆ ಬೇಜಾರಾಗುತ್ತೆ ರೀ. ನನಗೆ ಹೊಗಳಿಕೆ ಬೇಡ. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಮಕ್ಕಳಿಗೆ ಟಿಫಿನ್ ಡಬ್ಬಿ ಕಟ್ಟಿ ಸಾಕು.’ ಏನು ಬೇಡ ಎನ್ನುವುದರ ಜೊತೆ ಏನು ಬೇಕು ಎಂಬುದನ್ನೂ ಹೇಳಿದರೆ ಗಂಡಸರಿಗೆ ಕೆಲಸ ಸುಲಭ. ಸುಮ್ನೆ ‘ನನಗೆ ಸಪೋರ್ಟ್ ಮಾಡಿ’ ಎಂದರೆ ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರಕೊಂಡು ಹೋಗಿ. ಎಚ್‌ಬಿಎ1ಸಿ ಅಂದರೇನು ಎಂದು ನಿಮ್ಮ ಬಾಯಿಂದ ಕೇಳುವುದಕ್ಕಿಂತ ಡಾಕ್ಟರ ಬಾಯಿಂದ ಕೇಳಲಿ.

ಚಿಕ್ಕಮ್ಮನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ವರ್ಷಕ್ಕೆ ನಾಲ್ಕು ಸಲ ಸಿಗುವವರಿಗೆ ನಿಮ್ಮ ರಿಪೋರ್ಟ್ ತೋರಿಸಬೇಕಾಗಿಲ್ಲ. ‘ಆರೋಗ್ಯ ಚೆನ್ನಾಗಿದೆ ಚಿಕ್ಕಮ್ಮ, ನಿಮ್ಮ ಮೊಣಕಾಲು ನೋವು ಹೇಗಿದೆ?’ ಎಂದು ಕೇಳಿ ಮುಂದೆ ಹೋಗಿ. ಎರಡನೇ ಸಲ ಎತ್ತಿದರೆ ‘ಎಲ್ಲರೆದುರು ನನ್ನ ಮೈ ವಿಷಯ ಬೇಡ ಚಿಕ್ಕಮ್ಮ’ ಎನ್ನಿ. ದನಿ ಏರಿಸಬೇಡಿ, ಆದರೆ ನಗುತ್ತಾ ತೇಲಿಸಲೂ ಬೇಡಿ. ದೊಡ್ಡವರಿಗೆ ಇಷ್ಟು ಹೇಳುವುದು ಅಗೌರವ ಅಲ್ಲ. ಹೀಯಾಳಿಸಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ಮೊದಲು ಬೊಜ್ಜು ಇಲ್ಲದವರ ಪೈಕಿ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ಮುಂದೆ ಬೊಜ್ಜಿಗೆ ತಿರುಗುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಇತ್ತು. ಅವಮಾನ ಯಾರನ್ನೂ ತೆಳ್ಳಗೆ ಮಾಡುವುದಿಲ್ಲ. ನಿಮ್ಮ ಚಕ್ಕುಲಿ ಡಬ್ಬಿಯೂ ಅದನ್ನೇ ಹೇಳುತ್ತಿದೆ.

ಇನ್ನು ಬಡಿಸುವ ಹೊತ್ತು. ನಮ್ಮ ಮನೆಗಳಲ್ಲಿ ಈ ಜಗಳ ಹುಟ್ಟುವುದೇ ಅಲ್ಲಿ. ಸೌಟು ಅತ್ತೆಯ ಕೈಯಲ್ಲಿರುತ್ತದೆ. ನೀವು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಅನ್ನುತ್ತೀರಿ. ಅವರು ‘ಇಷ್ಟೇ ಇಷ್ಟು’ ಎನ್ನುತ್ತಾ ಬೆರಳ ಸಂದಿಯಿಂದಲೇ ಅನ್ನ ಬೀಳಿಸುತ್ತಾರೆ. ನೀವು ಮುಖ ಗಂಟು ಹಾಕುತ್ತೀರಿ. ಅವರು ‘ಏನೋಪ್ಪ, ಈಗಿನವರಿಗೆ ಊಟನೇ ಬೇಡ’ ಎಂದು ಸೌಟು ಕುಕ್ಕುತ್ತಾರೆ. ಅನ್ನ ಇಬ್ಬರಿಗೂ ಸೇರುವುದಿಲ್ಲ.

ಇಲ್ಲಿ ‘ಬೇಡ’ ಎಂಬ ಮಾತೇ ಬರದ ಹಾಗೆ ಮಾಡಿ. ತಟ್ಟೆ ಖಾಲಿ ಇಟ್ಟುಕೊಂಡು ಕೂರಬೇಡಿ. ಮೊದಲೇ ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೌತೆಕಾಯಿ ತುಂಬಿಸಿ. ಕಾಲು ಭಾಗ ಕಾಳು ಅಥವಾ ಬೇಳೆ. ಉಳಿದ ಕಾಲು ಭಾಗ ಖಾಲಿ ಇರುತ್ತದಲ್ಲ, ಅದಕ್ಕೆ ಅತ್ತೆಯ ಕೈಯಿಂದಲೇ ಅನ್ನ ಹಾಕಿಸಿಕೊಳ್ಳಿ. ‘ಅತ್ತೆ, ಸಾರು ಇನ್ನೊಂದು ಸೌಟು ಹಾಕಿ, ಚೆನ್ನಾಗಿದೆ’ ಎಂದು ನೀವೇ ಎರಡನೇ ಸಲ ಕೇಳಿ. ಬಡಿಸುವವರಿಗೆ ಬೇಕಾಗಿರುವುದು ಎರಡನೇ ಸಲ ಹಾಕಿದ ತೃಪ್ತಿ. ಅದು ಅನ್ನವೇ ಆಗಬೇಕೆಂದಿಲ್ಲ. ತಿಳಿಸಾರು, ಮಜ್ಜಿಗೆ, ಸೊಪ್ಪಿನ ಪಲ್ಯ ಯಾವುದಾದರೂ ಆಗುತ್ತದೆ.

ಇನ್ನೊಂದು ಕೇಳುತ್ತೇನೆ. ನೀವು ಎಷ್ಟು ಹೊತ್ತಿಗೆ, ಎಲ್ಲಿ ಕೂತು ಊಟ ಮಾಡುತ್ತೀರಿ? ಪತ್ರದಲ್ಲಿ ಬರೆದಿಲ್ಲ, ಆದರೆ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಬಹಳ ಜನ ಎಲ್ಲರದ್ದೂ ಆದ ಮೇಲೆ, ನಿಂತುಕೊಂಡೇ ಉಣ್ಣುತ್ತಾರೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಪಾತ್ರೆ ತಳದ ಒಂದು ಹಿಡಿ ಚಿತ್ರಾನ್ನ, ಕೊನೆಯ ಎರಡು ಬಜ್ಜಿ. ‘ಚೆಲ್ಲೋದು ಹೇಗೆ’ ಎಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ, ಹೊಟ್ಟೆಗೆ ಮಾತ್ರ ಹೋಗುತ್ತದೆ. ಮಕ್ಕಳಿಗೆ ಮೊದಲು ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಹಾಕಿ. ಉಳಿದದ್ದು ಡಬ್ಬಿಗೆ, ಡಬ್ಬಿ ಫ್ರಿಜ್‌ಗೆ. ನೀವು ಎಲ್ಲರ ಜೊತೆ ಕೂತು ಉಣ್ಣಿ. ‘ಸೊಸೆ ಏನೂ ತಿನ್ನಲ್ಲ’ ಎಂಬ ಮಾತು ಬರುವುದು ನೀವು ತಿನ್ನುವುದನ್ನು ಯಾರೂ ನೋಡದೇ ಇರುವುದರಿಂದಲೂ ಇರಬಹುದು. ಎದುರಿಗೆ ಕೂತು ನೆಮ್ಮದಿಯಾಗಿ ಉಂಡರೆ ಆ ಮಾತು ಅರ್ಧ ನಿಲ್ಲುತ್ತದೆ.

ಅಡುಗೆಯಲ್ಲಿ ಏನು ಬದಲಿಸಬೇಕು? ಬೇರೆ ಅಡುಗೆ ಮಾಡಿಕೊಳ್ಳಬೇಡಿ. ನಿಮಗೊಂದು ಓಟ್ಸ್, ಅವರಿಗೊಂದು ಊಟ ಎಂದು ಶುರುವಾದರೆ ಕೆಲಸವೂ ಜಾಸ್ತಿ, ಮನಸ್ತಾಪವೂ ಜಾಸ್ತಿ. ಮುದ್ದೆ ತಿಂದರೆ ಸಣ್ಣ ಆಗುತ್ತಾರೆ ಎಂದು ಹೇಳುವವರಿದ್ದಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲೂ 100 ಗ್ರಾಂ ಅಕ್ಕಿಯಲ್ಲೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, 320ರಿಂದ 350ರ ಆಸುಪಾಸು. ರಾಗಿಯಲ್ಲಿ ನಾರು ಮತ್ತು ಕ್ಯಾಲ್ಸಿಯಂ ಜಾಸ್ತಿ, ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ, ಅದು ಅದರ ಲಾಭ. ಆದರೆ ಮುದ್ದೆಯ ಗಾತ್ರ ಮುಖ್ಯ. ಜೋಳದ ರೊಟ್ಟಿಗೂ ಇದೇ ಮಾತು. ಎರಡು ರೊಟ್ಟಿ, ಬಟ್ಟಲು ತುಂಬ ಮಡಕೆ ಕಾಳಿನ ಪಲ್ಯ, ಸೊಪ್ಪು, ಒಂದು ಲೋಟ ಮಜ್ಜಿಗೆ. ನಿಮ್ಮೂರಿನ ಈ ಊಟಕ್ಕೆ ಯಾವ ಡಯೆಟ್ ಚಾರ್ಟೂ ಸಾಟಿ ಇಲ್ಲ.

ನಮ್ಮ ತಟ್ಟೆಯಲ್ಲಿ ಕೊರತೆ ಇರುವುದು ಪ್ರೋಟೀನಿಗೆ. ಐಸಿಎಂಆರ್ ಲೆಕ್ಕದಲ್ಲಿ ದಿನಕ್ಕೆ ಮೈತೂಕದ ಒಂದು ಕೆ.ಜಿ.ಗೆ 0.83 ಗ್ರಾಂ. ನಿಮಗೆ ಸುಮಾರು 60 ಗ್ರಾಂ ಆಗುತ್ತದೆ. ಅನ್ನ ಕಡಿಮೆ ಮಾಡಿ ಅದರ ಜಾಗದಲ್ಲಿ ಏನೂ ಹಾಕದಿದ್ದರೆ ಹಸಿವು, ಸುಸ್ತು, ಸಿಡುಕು ಎಲ್ಲ ಬರುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕಾಳು, ಬೇಳೆ, ಮೊಸರು, ಶೇಂಗಾ, ತಿನ್ನುವವರಾದರೆ ಮೊಟ್ಟೆ, ಮೀನು, ಕೋಳಿ, ಇವುಗಳಲ್ಲಿ ಒಂದಾದರೂ ಪ್ರತಿ ಊಟದಲ್ಲಿ ಇರಲಿ. ಸಂಜೆ ಮಂಡಕ್ಕಿ ತಿನ್ನುವುದು ತಪ್ಪಲ್ಲ. ಹುರಿಗಡಲೆ, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹೆಚ್ಚು ಹಾಕಿ. ಜೊತೆಯ ಮೆಣಸಿನಕಾಯಿ ಬಜ್ಜಿ ಒಂದಕ್ಕೆ ನಿಲ್ಲಿಸಿ, ಅದೂ ವಾರಕ್ಕೊಮ್ಮೆ. ಬೆಣ್ಣೆ ದೋಸೆಯನ್ನು ಜೀವನಪೂರ್ತಿ ಬಿಡಿ ಎಂದು ದಾವಣಗೆರೆಯವರಿಗೆ ನಾನು ಹೇಳುವುದಿಲ್ಲ, ತಿಂಗಳಿಗೊಮ್ಮೆ ಮನಸ್ಸು ತುಂಬಿ ತಿನ್ನಿ.

ಇಡೀ ಮನೆಗೆ ಅನುಕೂಲ ಆಗುವ ಒಂದೇ ಒಂದು ಕೆಲಸ ಕೇಳಿದರೆ, ಎಣ್ಣೆ ಅಳೆಯಿರಿ ಎನ್ನುತ್ತೇನೆ. ಒಂದು ಟೇಬಲ್ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಸಾಕು ಎಂದಿಟ್ಟುಕೊಂಡರೂ ನಿಮ್ಮ ಆರು ಜನರ ಮನೆಗೆ ತಿಂಗಳಿಗೆ ತುಪ್ಪ, ಬೆಣ್ಣೆ ಸೇರಿ ನಾಲ್ಕೂವರೆ ಕೆ.ಜಿ. ದಾಟಬಾರದು. ಎಣ್ಣೆ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರ್ ಮೇಲೆ ಒಂದು ಗೆರೆ ಹಾಕಿ. ಅತ್ತೆಗೆ ಈ ಲೆಕ್ಕ ಒಪ್ಪಿಸಿಬಿಡಿ. ದುಡ್ಡು ಉಳಿಯುವ ಲೆಕ್ಕ ಯಾವ ಅತ್ತೆಗೆ ಬೇಡ? ಇದರಲ್ಲಿ ನಿಮ್ಮ ಮೈಯ ಮಾತೇ ಬರುವುದಿಲ್ಲ, ಅದು ಇನ್ನೂ ಒಳ್ಳೆಯದು.

ಹಬ್ಬದ ದಿನ ‘ಒಂದು ಹೋಳಿಗೆ ತಿಂದರೆ ಏನಾಗುತ್ತೆ’ ಎನ್ನುತ್ತಾರಲ್ಲ, ಆ ಮಾತು ನಿಜ. ಒಂದು ತಿಂದರೆ ಏನೂ ಆಗುವುದಿಲ್ಲ. ತಟ್ಟೆ ಮುಂದೆ ಕೂತು ತುಪ್ಪ ಹಾಕಿಸಿಕೊಂಡು ತಿನ್ನಿ, ಆ ದಿನ ಅನ್ನ ಸ್ವಲ್ಪ ಬಿಡಿ. ತೊಂದರೆ ಇರುವುದು ಹಬ್ಬ ಮುಗಿದ ಮೇಲೆ ನಾಲ್ಕು ದಿನ ಡಬ್ಬಿಯಲ್ಲಿ ಉಳಿಯುವ ಹೋಳಿಗೆಯಲ್ಲಿ. ಹಬ್ಬದ ಸಂಜೆಯೇ ಅಕ್ಕಪಕ್ಕದವರಿಗೆ, ಮನೆಕೆಲಸಕ್ಕೆ ಬರುವವರಿಗೆ ಹಂಚಿಬಿಡಿ. ಹಂಚುವುದಕ್ಕೆ ಯಾವ ಅತ್ತೆಯೂ ಅಡ್ಡ ಬರುವುದಿಲ್ಲ.

ಈಗ ರಾತ್ರಿಯ ಚಕ್ಕುಲಿಗೆ ಬರೋಣ. ನಿಮಗೆ ಅದು ಮನಸ್ಸಿನ ದೌರ್ಬಲ್ಯ ಅನ್ನಿಸಿರಬಹುದು. ನಾನು ಹಾಗೆ ನೋಡುವುದಿಲ್ಲ. ಹಗಲೆಲ್ಲ ಅರೆಹೊಟ್ಟೆ, ಮೇಲೆ ನುಂಗಿಕೊಂಡ ಮಾತು. ರಾತ್ರಿ ಮನೆ ನಿಶ್ಶಬ್ದ ಆದಾಗ ಹಸಿವೂ ಸಿಟ್ಟೂ ಒಟ್ಟಿಗೆ ಏಳುತ್ತವೆ. ಮಾರನೇ ದಿನ ಉಪವಾಸ ಮಾಡಿದರೆ ಆ ರಾತ್ರಿಗೆ ಮತ್ತಷ್ಟು ಹಸಿವು ಸಿದ್ಧವಾಗುತ್ತದೆ. ಈ ಸುತ್ತನ್ನು ಮುರಿಯುವ ಜಾಗ ರಾತ್ರಿಯಲ್ಲ, ಮಾರನೇ ಬೆಳಿಗ್ಗೆ. ಚಕ್ಕುಲಿ ತಿಂದ ಮರುದಿನವೂ ತಿಂಡಿ ತಿನ್ನಿ. ಎಂದಿನ ಹಾಗೆ, ಎಂದಿನಷ್ಟೇ. ಸಂಜೆ ಐದು ಆರರ ಹೊತ್ತಿಗೆ ಕಡಲೆಕಾಳು ಉಸಲಿಯೋ ಹೆಸರುಕಾಳೋ ತಿಂದು, ರಾತ್ರಿ ಊಟ ಬೇಗ ಮುಗಿಸಿ. ಸಿಟ್ಟನ್ನು ಹೊರಗೆ ಹಾಕಲು ಒಬ್ಬರು ಬೇಕು. ಅಕ್ಕನೋ ಗೆಳತಿಯೋ ಇದ್ದರೆ ಆ ದಿನವೇ ಹತ್ತು ನಿಮಿಷ ಫೋನಿನಲ್ಲಿ ಹೇಳಿಕೊಳ್ಳಿ. ಯಾರೂ ಇಲ್ಲದಿದ್ದರೆ ಒಂದು ನೋಟ್‌ಬುಕ್‌ನಲ್ಲಿ ಯಾರು ಏನಂದರು, ನನಗೆ ಏನನ್ನಿಸಿತು ಎಂದು ಬರೆಯಿರಿ.

ಇದು ವಾರಕ್ಕೊಮ್ಮೆಯೋ ಅದಕ್ಕಿಂತ ಜಾಸ್ತಿಯೋ ಆಗಿ, ತಿಂಗಳುಗಟ್ಟಲೆ ನಡೆದಿದ್ದರೆ, ಕೈ ತಡೆಯಲು ಆಗುತ್ತಿಲ್ಲ ಅನ್ನಿಸಿದರೆ, ತಿಂದದ್ದನ್ನು ವಾಂತಿ ಮಾಡಬೇಕು ಅನ್ನಿಸಿದರೆ, ಅದಕ್ಕೆ ಚಿಕಿತ್ಸೆ ಇದೆ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಪೌಡರ್ ಬೇಡ. ಯಾರ ಬಾಯಿ ಮುಚ್ಚಿಸಲಿಕ್ಕೂ ತೂಕ ಇಳಿಸಬೇಡಿ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು, ಇನ್ನೂ ನಿಧಾನ ಆದರೂ ಪರವಾಗಿಲ್ಲ. ಊಟ ಬಿಟ್ಟು ದಿಢೀರ್ ಇಳಿಸಿದವರಿಗೆ ಎರಡು ಮೂರು ತಿಂಗಳ ನಂತರ ತಲೆಕೂದಲು ಉದುರುವುದು, ಪಿತ್ತಕೋಶದಲ್ಲಿ ಕಲ್ಲು ಆಗುವುದು ಉಂಟು. ಪೌಡರ್ ನಿಲ್ಲಿಸಿದ ಕೂಡಲೇ ಇಳಿದದ್ದು ವಾಪಸ್ ಬರುತ್ತದೆ. ಆಗ ‘ನೋಡೋಣ’ ಎಂದವರ ಮಾತೇ ಗೆದ್ದ ಹಾಗಾಗುತ್ತದೆ.

ವಾಕಿಂಗ್ ಜಗಳಕ್ಕೆ ಒಂದು ದಾರಿ ಇದೆ. ಬೆಳಿಗ್ಗೆ ಮುಕ್ಕಾಲು ಗಂಟೆಯೇ ಆಗಬೇಕೆಂಬ ನಿಯಮ ಇಲ್ಲ. ವಾರಕ್ಕೆ ಒಟ್ಟು 150 ನಿಮಿಷ ಬಿರುಸಿನ ನಡಿಗೆ ಕನಿಷ್ಠ ಗುರಿ. ತಿಂಡಿ, ಊಟ ಆದ ಮೇಲೆ ಹದಿನೈದು ನಿಮಿಷದಂತೆ ಮೂರು ಸಲ ನಡೆದರೂ ದಿನಕ್ಕೆ 45 ನಿಮಿಷ ಆಯಿತು. ಊಟದ ನಂತರ ಏರುವ ಶುಗರ್ ತಗ್ಗಿಸಲು ಇದು ಇನ್ನೂ ಒಳ್ಳೆಯದು. ಸಂಜೆಯ ಸುತ್ತಿಗೆ ಅತ್ತೆಯನ್ನೂ ಕರೆಯಿರಿ, ದೇವಸ್ಥಾನದವರೆಗೆ ಹೋಗಿ ಬನ್ನಿ. ಬೆಳಗಿನ ವಾಕ್ ನಿಮಗೆ ಒಬ್ಬರೇ ಇರುವ ಏಕೈಕ ಹೊತ್ತು ಆಗಿದ್ದರೆ ಮಾತ್ರ ಅದನ್ನು ಬಿಟ್ಟುಕೊಡಬೇಡಿ. ವಾರದಲ್ಲಿ ನಾಲ್ಕು ದಿನವಾದರೂ ಉಳಿಸಿಕೊಳ್ಳಿ, ಟಿಫಿನ್ ಡಬ್ಬಿಯನ್ನು ಯಜಮಾನರಿಗೆ ವಹಿಸಿದ್ದೇ ಅದಕ್ಕೆ. ಜೊತೆಗೆ ವಾರಕ್ಕೆರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಇಷ್ಟರಿಂದ ಶುರು ಮಾಡಬಹುದು.

ಮಕ್ಕಳ ಬಗ್ಗೆ ಒಂದು ಮಾತು, ಇದು ಮನೆಯ ಎಲ್ಲರಿಗೂ. ಮಿನ್ನೆಸೋಟ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪ್ಪ ಅಮ್ಮ ತೂಕದ ಬಗ್ಗೆ ಮಾತಾಡುತ್ತಿದ್ದ ಮನೆಯ ಹದಿಹರೆಯದ ಮಕ್ಕಳು ಕೆಟ್ಟ ರೀತಿಯ ಡಯೆಟ್ ಮಾಡುವುದು ಹೆಚ್ಚಾಗಿ ಕಂಡಿತು. ಒಳ್ಳೆಯ ಊಟದ ಬಗ್ಗೆ ಮಾತಾಡುತ್ತಿದ್ದ ಮನೆಗಳಲ್ಲಿ ಅದು ಕಡಿಮೆ ಇತ್ತು. ಹಾಗಾಗಿ ‘ಅಜ್ಜಿ ಮಕ್ಕಳೆದುರು ಅಮ್ಮನ ಮೈ ಬಗ್ಗೆ ಮಾತಾಡಬಾರದು’ ಎಂಬುದನ್ನು ಮನೆಯ ನಿಯಮ ಮಾಡಲು ಯಜಮಾನರಿಗೆ ಹೇಳಿ. ತಾಯಿಗೆ ಮಗ ಹೇಳಿದರೇ ಸರಿ, ಸೊಸೆ ಹೇಳಿದರೆ ಅದಕ್ಕೆ ಬೇರೆ ಬಣ್ಣ ಬರುತ್ತದೆ. ನಿಮಗೂ ಅದೇ ನಿಯಮ: ಕನ್ನಡಿ ಮುಂದೆ ನಿಂತು ‘ಛೇ, ಎಷ್ಟು ದಪ್ಪ ಇದೀನಿ’ ಎನ್ನುವುದನ್ನು ಮಕ್ಕಳು ಕೇಳಬಾರದು.

ಕೊನೆಗೆ, ಅತ್ತೆಯ ಮಾತನ್ನು ಪೂರ್ತಿ ತಳ್ಳಿಹಾಕುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಮುಖ ಬಾಡಿದೆ ಎಂದು ಅವರಿಗೆ ಕಾಣುತ್ತಿರುವುದು ರಕ್ತಹೀನತೆಯೂ ಆಗಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಕಬ್ಬಿಣಾಂಶ ಕಡಿಮೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದೂ ಉಂಟು. ಹಾಗಾಗಿ ಹಿಮೋಗ್ಲೋಬಿನ್, ಮೈಯಲ್ಲಿರುವ ಕಬ್ಬಿಣಾಂಶ ತಿಳಿಸುವ ಫೆರಿಟಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಖಾಲಿ ಹೊಟ್ಟೆಯ ಶುಗರ್, ಇವೆಲ್ಲ ಒಟ್ಟಿಗೆ ಆಗಲಿ. ತಲೆಸುತ್ತು, ಕೂದಲು ಉದುರುವುದು, ಮುಟ್ಟು ತಪ್ಪುವುದು, ವಾರಕ್ಕೆ ಒಂದು ಕೆ.ಜಿ.ಗಿಂತ ವೇಗವಾಗಿ ಇಳಿಯುವುದು ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಶುಗರ್ ಹೇಗಿತ್ತು ಎಂದು ಹೇಳುತ್ತದೆ. ನೀವು ಶುರು ಮಾಡಿ ನಾಲ್ಕು ತಿಂಗಳಾಗಿರುವುದರಿಂದ ಈಗಲೇ ಮತ್ತೆ ಮಾಡಿಸಬಹುದು. 5.9 ಬಂದರೂ ಅದು ಒಳ್ಳೆಯ ಸುದ್ದಿ. 6.1ರಲ್ಲೇ ನಿಂತಿದ್ದರೂ ಏರಿಲ್ಲವಲ್ಲ, ಇದೇ ದಾರಿಯಲ್ಲಿ ಇನ್ನೂ ಮೂರು ತಿಂಗಳು ನಡೆಯಿರಿ. ಏರಿದ್ದರೆ ದಿನಾ ಏನೇನು ತಿಂದಿರಿ ಎಂದು ಬರೆದಿಟ್ಟುಕೊಂಡು ಡಾಕ್ಟರನ್ನು ನೋಡಿ, ಮಾತ್ರೆ ಬೇಕೇ ಎಂದು ಅವರು ತೀರ್ಮಾನಿಸುತ್ತಾರೆ. ಅದೇ ದಿನ ಯಜಮಾನರ ಶುಗರನ್ನೂ ಪರೀಕ್ಷೆ ಮಾಡಿಸಿ. ಅವರ ತಾಯಿಗೆ ಶುಗರ್ ಇರುವುದರಿಂದ ಅವರಿಗೂ ಅದು ಬರುವ ಸಾಧ್ಯತೆ ಜಾಸ್ತಿ.